ಬೂದಿದಿಬ್ಬ ಹೇಳಿದ್ದೆಷ್ಟು, ಹೇಳದ್ದೆಷ್ಟು?

(ಇತಿಹಾಸದ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಹಂಪಿಗೆ ಹೋದವರೆಲ್ಲ ವಿಜಯವಿಠ್ಠಲ ಗುಡಿಯ ಕಲ್ಲಿನ ರಥವನ್ನು ನೋಡಿಯೇ ಬರುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ನಿಂಬಾಪುರದ ಬೂದಿದಿಬ್ಬದ ಕಡೆಗೆ ಹೆಜ್ಜೆ ಹಾಕುವವರು ಕಡಿಮೆ. ನೋಡಲು ಅದರಲ್ಲಿ ಸೊಗಸೇನೂ ಇಲ್ಲ. ಬೂದುಬಣ್ಣದ ಗುಪ್ಪೆ, ಅಷ್ಟೇ. ಆದರೆ ಸುತ್ತಲಿನ ಜನರಿಗೆ ಅದು ವಾಲಿಯನ್ನು ಸುಟ್ಟ ಸ್ಥಳ. ಇದೇ ಕಿಷ್ಕಿಂಧೆ ಎಂದು ನಂಬಿದ ಮೇಲೆ ರಾಮನ ಬಾಣಕ್ಕೆ ಬಿದ್ದವನ ಚಿತೆಯೂ ಇಲ್ಲೇ ಎಲ್ಲಾದರೂ ಇರಬೇಕಲ್ಲವೇ? ಬಳ್ಳಾರಿ ಸೀಮೆಯಲ್ಲಿ ಇಂಥ ದಿಬ್ಬಗಳು ಇನ್ನೂ ಹಲವು. ಒಂದು ಕಡೆ ಅದು ಭೀಮನು ಕೊಂದ ಹಿಡಿಂಬಾಸುರನ ಬೂದಿ, ಮತ್ತೊಂದು ಕಡೆ ಋಷಿಗಳ ಯಜ್ಞದ ಬೂದಿ.

ಈ ಕಥೆಗಳನ್ನು ಕೇಳಿ ನಗಬೇಕಾಗಿಲ್ಲ. ಹಳ್ಳಿಯ ಜನ ಎರಡು ಸಂಗತಿಗಳನ್ನು ಸರಿಯಾಗಿಯೇ ಗುರುತಿಸಿದ್ದರು. ಇದು ಬರಿಯ ಮಣ್ಣಲ್ಲ, ದೊಡ್ಡ ಬೆಂಕಿಯಲ್ಲಿ ಬೆಂದ ಬೂದಿ ಎಂಬುದು ಒಂದು. ಅಜ್ಜ ಮುತ್ತಜ್ಜಂದಿರ ನೆನಪಿಗೂ ಹಿಂದಿನದು ಎಂಬುದು ಇನ್ನೊಂದು. ಯಾರು, ಏನನ್ನು, ಏಕೆ ಸುಟ್ಟರು ಎಂದು ಅವರು ಕೇಳಿಕೊಂಡರು. ಪುರಾತತ್ವ ಕೇಳುವುದೂ ಇದೇ ಪ್ರಶ್ನೆಯನ್ನು. ಉತ್ತರವನ್ನು ಒರೆಗೆ ಹಚ್ಚುವ ಕ್ರಮ ಮಾತ್ರ ಬೇರೆ. ಎಲ್ಲಿಯವರೆಗೆ ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕವೂ ಬೇರೆ. ಆ ನಿಲ್ಲುವ ಜಾಗ ಯಾವುದು ಎಂಬುದೇ ಈ ಭಾಷಣದ ವಿಷಯ.

ಶತಮಾನ ಮೀರಿದ ಪ್ರಶ್ನೆ

ಬೂದಿದಿಬ್ಬಗಳ ಬಗ್ಗೆ ಮೊದಲು ಬರೆದವರು ಕಂಪೆನಿ ಕಾಲದ ಆಂಗ್ಲ ಅಧಿಕಾರಿಗಳು. 19ನೇ ಶತಮಾನದ ಪೂರ್ವಾರ್ಧದಲ್ಲಿಯೇ ಸೇನಾಧಿಕಾರಿ ನ್ಯೂಬೋಲ್ಡ್ ಬಳ್ಳಾರಿ ಸೀಮೆಯ ದಿಬ್ಬಗಳನ್ನು ವರ್ಣಿಸಿದ್ದ. ಅನಂತರ ಬಂದವರಲ್ಲಿ ಒಬ್ಬೊಬ್ಬರದು ಒಂದೊಂದು ಊಹೆ. ಜ್ವಾಲಾಮುಖಿಯ ಉಳಿಕೆ ಎಂದರು ಕೆಲವರು. ಲೋಹ ಕರಗಿಸಿದ ಕಿಟ್ಟ ಎಂದರು ಇನ್ನು ಕೆಲವರು. ವಿಜಯನಗರ ಕಾಲದಲ್ಲಿ ನಡೆದ ಸಾಮೂಹಿಕ ದಹನದ ಕುರುಹು ಎಂದವರೂ ಇದ್ದರು.

ಭೂವಿಜ್ಞಾನ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಬೇರೆ ದಾರಿ ಹಿಡಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬುನಾದಿ ಹಾಕಿದವರು ಇವರೇ. ದಿಬ್ಬಗಳ ಸುತ್ತ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಮಡಕೆ ಚೂರುಗಳು, ದನದ ಎಲುಬುಗಳು ಸಿಗುತ್ತಿದ್ದುದನ್ನು ಅವರು ಗಮನಿಸಿದರು. ಲೋಹ ಬಳಕೆಗೆ ಬರುವ ಮೊದಲು ದನ ಸಾಕಿಕೊಂಡಿದ್ದ ಜನರ ಸಗಣಿ ರಾಶಿಗಳು ಉರಿದು ಈ ದಿಬ್ಬಗಳಾಗಿವೆ ಎಂದು ತೀರ್ಮಾನಿಸಿದರು.

ಆಗ ಅದು ಒಂದು ಊಹೆಯಷ್ಟೇ. ಅದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಖಚಿತಪಡಿಸಿದವರು ಲಂಡನ್ನಿನ ಪುರಾತತ್ವ ಸಂಸ್ಥೆಯ ಫ್ರೆಡರಿಕ್ ಝೋಯ್ನರ್. ಅವರ ಲೇಖನ ಪ್ರಕಟವಾದದ್ದು 1960ರಲ್ಲಿ. ಬೂದಿ ಸಗಣಿಯದೇ ಎಂಬುದು ಆಗ ಖಾತ್ರಿಯಾಯಿತು. ಅಷ್ಟು ಹೊತ್ತಿಗೆ, 1957ರಲ್ಲಿ, ಅಂದಿನ ಮೆಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಒಂದು ದಿಬ್ಬವನ್ನು ಅಗೆಸಿದ್ದರು. ಅಲ್ಲಿ ಮರದ ಗೂಟಗಳನ್ನು ನೆಟ್ಟು ಕಟ್ಟಿದ ದೊಡ್ಡಿಯ ಗುರುತುಗಳು ಕಂಡವು. ಗೂಟಗಳು ಎಂದೋ ಹೋಗಿದ್ದವು, ಅವು ನಿಂತಿದ್ದ ಕುಳಿಗಳು ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನಡೆದಾಡಿದ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ಸಗಣಿ ಬೆಳೆದಿದೆ, ಉರಿದಿದೆ, ಮತ್ತೆ ದೊಡ್ಡಿ ಎದ್ದಿದೆ, ಮತ್ತೆ ಉರಿದಿದೆ. ಪದರದ ಮೇಲೆ ಪದರ.

ಅಂದರೆ ಏನು ಸುಟ್ಟದ್ದು ಎಂಬುದು ತಿಳಿಯಿತು. ಸುಮಾರು ಯಾವಾಗ ಎಂಬುದೂ ತಿಳಿಯಿತು. ಏಕೆ ಎಂಬುದು?

ಕಿಚ್ಚು ಹಾಯಿಸುವ ಸಂಜೆ

ಇಲ್ಲಿ ದಾರಿ ಕವಲೊಡೆಯುತ್ತದೆ. ಬೆಂಕಿ ಆಕಸ್ಮಿಕವೆನ್ನಲು ಹೋದರೆ ಮತ್ತೆ ಮತ್ತೆ ಉರಿದ ಪದರಗಳು ಅಡ್ಡ ಬರುತ್ತವೆ. ಶತ್ರುಗಳು ಹಚ್ಚಿದ್ದೆಂದರೆ ಶತ್ರುಗಳು ಅಷ್ಟು ಸಲ, ಅಷ್ಟು ಕಡೆ ಬಂದರೇ ಎಂಬ ಪ್ರಶ್ನೆ ಏಳುತ್ತದೆ. ಉಣ್ಣೆ, ನೊಣ, ರೋಗ ಹೋಗಲೆಂದು ದೊಡ್ಡಿಯ ಕಸ ಸುಟ್ಟಿರಬಹುದು. ಆಲ್ಚಿನ್ ಇನ್ನೊಂದು ಸಾಧ್ಯತೆಯನ್ನು ಮುಂದಿಟ್ಟರು. ಇಂದಿಗೂ ಋತು ಬದಲಾಗುವಾಗ ದನಗಳನ್ನು ಬೆಂಕಿಯ ಬಳಿ ಹಾಯಿಸುವ ಹಬ್ಬಗಳಿವೆ, ಆ ಬೂದಿಯೂ ಅಂಥದೇ ಆಚರಣೆಯದಾಗಿರಬಹುದು ಎಂದರು.

ಹಳೇ ಮೈಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಏಕೆ ಎಂದು ಕೇಳಿ ನೋಡಿ. ಮೈಮೇಲಿನ ಉಣ್ಣೆ ಉದುರುತ್ತದೆ ಎನ್ನುತ್ತಾರೆ ಒಬ್ಬರು. ದೃಷ್ಟಿ ಹೋಗುತ್ತದೆ ಎನ್ನುತ್ತಾರೆ ಮತ್ತೊಬ್ಬರು. ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಎನ್ನುತ್ತಾರೆ ಮೂರನೆಯವರು. ಈ ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ನೂರಾರು ವರ್ಷಗಳ ಮೇಲೆ ಆ ಜಾಗವನ್ನು ಅಗೆದವರಿಗೆ ಸಿಗುವುದು ತೆಳುವಾದ ಒಂದು ಬೂದಿಯ ಗೆರೆ, ಅದೃಷ್ಟವಿದ್ದರೆ ನಾಲ್ಕು ಗೊರಸಿನ ಗುರುತು. ಕೊಂಬಿನ ಬಣ್ಣ ಸಿಗುವುದಿಲ್ಲ. ಹಾಯುವಾಗ ಎದ್ದ ಕೇಕೆ ಸಿಗುವುದಿಲ್ಲ. ಮೂವರ ಮೂರು ಉತ್ತರಗಳೂ ಸಿಗುವುದಿಲ್ಲ.

ಹಾಗೆಂದು ಇಂದಿನ ಕಿಚ್ಚನ್ನು ತೋರಿಸಿ ಅಂದಿನದೂ ಇದೇ ಎಂದು ಹೇಳುವಂತೆಯೂ ಇಲ್ಲ. ನಡುವೆ ನಾಲ್ಕು ಸಾವಿರ ವರ್ಷಗಳಿವೆ. ಹೋಲಿಕೆ ಒಂದು ದಾರಿ ತೋರಿಸುತ್ತದೆ, ಅದನ್ನೇ ಪುರಾವೆ ಎಂದು ಹಿಡಿಯಬಾರದು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ವರ್ಷಗಟ್ಟಲೆ ಅಗೆದು ನೋಡಿದರು. ಅಲ್ಲಿ ದೊಡ್ಡಿಯ ಜೊತೆಗೆ ಮನೆಗಳಿದ್ದವು, ಮಕ್ಕಳ ಸಮಾಧಿಗಳಿದ್ದವು, ಕಲ್ಲಿನ ಉಪಕರಣ ಮಾಡುವ ಜಾಗವಿತ್ತು, ದನ ಕಡಿದ ನೆಲವೂ ಇತ್ತು. ಕಾಡಿನ ನಡುವಿನ ತಾತ್ಕಾಲಿಕ ದೊಡ್ಡಿ ಎಂದಷ್ಟೇ ಭಾವಿಸಿದ್ದ ದಿಬ್ಬ ಜನ ನೆಲೆನಿಂತಿದ್ದ ಊರಾಗಿ ಕಾಣಿಸಿಕೊಂಡಿತು. ಬೆಂಕಿಯ ಉದ್ದೇಶದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ.

ಹಾಗಾದರೆ ಇಷ್ಟು ವರ್ಷಗಳ ಶ್ರಮ ವ್ಯರ್ಥವೇ? ಅಲ್ಲ. ಜ್ವಾಲಾಮುಖಿಯ ವಾದ ಬಿತ್ತು. ಲೋಹದ ಕಿಟ್ಟದ ವಾದ ಬಿತ್ತು. ವಿಜಯನಗರದ ವಾದವೂ ಬಿತ್ತು. ಹತ್ತು ಉತ್ತರಗಳಿದ್ದ ಕಡೆ ಈಗ ಎರಡು ಮೂರು ಉಳಿದಿವೆ. ಇದು ಖಂಡಿತ ಎನ್ನುವುದಕ್ಕಿಂತ ಇದು ಆಗಿರಲಾರದು ಎನ್ನುವುದರಲ್ಲಿ ಪುರಾತತ್ವ ಹೆಚ್ಚು ಗಟ್ಟಿ.

ಕ್ರಮ ನಿಂತಿತು, ಕಾಲ ಸರಿಯಿತು

ಬೂದಿದಿಬ್ಬಗಳಂತೆ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೂ ಒಂದು ಪಾಠ ಹೇಳುತ್ತದೆ. ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಪ್ರದೇಶವಿದು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದರು. ನೆಲವನ್ನು ಪದರ ಪದರವಾಗಿ ಬಿಡಿಸಿದಾಗ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಕಂಡವು. ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ದೊಡ್ಡ ಕಲ್ಲುಗಳ ಸಮಾಧಿ ಕಟ್ಟಿದ, ಕಬ್ಬಿಣ ಬಲ್ಲ ಜನ, ಮೇಲ್ಗಡೆ ಶಾತವಾಹನರ ಕಾಲದ ನೆಲೆ.

ಪದರಗಳ ತರ್ಕ ಸರಳ. ಅಟ್ಟದ ಮೇಲಿನ ಹಳೆಯ ಟ್ರಂಕಿನಲ್ಲಿ ಕಾಗದಗಳನ್ನು ಹಾಕುತ್ತ ಹೋದರೆ ತಳದಲ್ಲಿರುವುದು ಮೊದಲಿನದು, ಮೇಲಿರುವುದು ಆಮೇಲಿನದು. ಯಾರೂ ಕೆದಕಿರಬಾರದು, ಇಲಿ ಬಿಲ ತೋಡಿರಬಾರದು, ಅಷ್ಟೇ. ಆದರೆ ಕೆಳಗಿನ ಕಾಗದಕ್ಕೂ ಮೇಲಿನದಕ್ಕೂ ನಡುವೆ ಹತ್ತು ವರ್ಷಗಳಿವೆಯೋ ನಲವತ್ತೋ ಎಂಬುದನ್ನು ಟ್ರಂಕು ಹೇಳುವುದಿಲ್ಲ. ಅದಕ್ಕೆ ತಾರೀಖಿರುವ ಒಂದು ಚೀಟಿ ಬೇಕು. ಆ ಚೀಟಿಗೂ ಮಿತಿಯಿದೆ. 1962ರ ಒಂದು ನಾಣ್ಯ ಗೋಡೆಯೊಳಗೆ ಸಿಕ್ಕಿದರೆ ಆ ಗೋಡೆ 1962ಕ್ಕೆ ಮೊದಲು ಕಟ್ಟಿದ್ದಲ್ಲ ಎನ್ನಬಹುದು. ಅದೇ ವರ್ಷ ಕಟ್ಟಿದ್ದು ಎನ್ನಲಾಗದು.

ವ್ಹೀಲರ್ ಅವರಿಗೆ ದೊರೆತ ಚೀಟಿ ಪುದುಚೇರಿ ಬಳಿಯ ಅರಿಕಮೇಡಿನದು. 1945ರಲ್ಲಿ ಅಲ್ಲಿ ಅಗೆದಾಗ ರೋಮನ್ ವ್ಯಾಪಾರದ ಮಡಕೆಗಳು ಸಿಕ್ಕಿ, ಅವುಗಳ ಜೊತೆಗಿದ್ದ ದೇಶೀಯ ಮಡಕೆಗಳಿಗೆ ಒಂದು ಕಾಲ ಗೊತ್ತಾಗಿತ್ತು. ಅಂಥದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಂಡಿತು. ಅದನ್ನು ಹಿಡಿದು ಕೆಳಮುಖವಾಗಿ ಲೆಕ್ಕ ಹಾಕಿ, ಬೃಹತ್ ಶಿಲಾ ಸಮಾಧಿಗಳ ಜನ ಕ್ರಿ.ಪೂ. 200ರ ಸುಮಾರಿಗೆ ಬಂದವರು, ಕಲ್ಲುಕೊಡಲಿಯವರು ಅಲ್ಲಿಯವರೆಗೂ ಇದ್ದವರು ಎಂದು ವ್ಹೀಲರ್ ಅಂದಾಜು ಮಾಡಿದರು.

ಎರಡೇ ವರ್ಷಗಳಲ್ಲಿ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಇಂಗಾಲ-14ರಿಂದ ಕಾಲ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಸತ್ತ ಮರದಲ್ಲಿ, ಎಲುಬಿನಲ್ಲಿ ಈ ಬಗೆಯ ಇಂಗಾಲ ಗೊತ್ತಾದ ವೇಗದಲ್ಲಿ ಕರಗುತ್ತ ಹೋಗುತ್ತದೆ, ಉಳಿದದ್ದನ್ನು ಅಳೆದರೆ ಸತ್ತ ಕಾಲ ಸಿಗುತ್ತದೆ. ಮುಂದೆ ದಕ್ಷಿಣದ ಹಲವು ನೆಲೆಗಳ ಇದ್ದಿಲನ್ನು ಹೀಗೆ ಪರೀಕ್ಷಿಸಿದಾಗ ಇಲ್ಲಿನ ನವಶಿಲಾಯುಗದ ಆರಂಭ ಕ್ರಿ.ಪೂ. 3000ದ ಆಸುಪಾಸಿಗೆ ಸರಿಯಿತು. ಬೃಹತ್ ಶಿಲಾ ಸಂಸ್ಕೃತಿಯೂ ಕ್ರಿ.ಪೂ. 1000ಕ್ಕಿಂತ ಹಿಂದಕ್ಕೆ ಹೋಯಿತು. ವ್ಹೀಲರ್ ಕಂಡ ಪದರಗಳ ಕ್ರಮ ಇಂದಿಗೂ ನಿಂತಿದೆ. ಅವರು ಹಾಕಿದ ಕಾಲದ ಲೆಕ್ಕ ನಿಲ್ಲಲಿಲ್ಲ. ಅಗೆದು ಕಂಡದ್ದು ಒಂದು, ಅದರಿಂದ ಊಹಿಸಿದ್ದು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊಂದವರು ಯಾರು?

ಕಾಲ ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ. ಯಾರು ಎಂಬುದರಲ್ಲಿ ಅವಸರ ಮಾಡಿದರೆ ತಿದ್ದುವುದು ಅಷ್ಟು ಸುಲಭವಲ್ಲ. ಸಿಂಧೂ ಕಣಿವೆಯ ಮೊಹೆಂಜೊದಾರೋದ ಓಣಿಗಳಲ್ಲಿ, ಕೋಣೆಗಳಲ್ಲಿ ಮೂರು ಡಜನ್ನಿನಷ್ಟು ಅಸ್ಥಿಪಂಜರಗಳು ಸಿಕ್ಕಿದ್ದವು. ಇದೇ ವ್ಹೀಲರ್ ಅವುಗಳನ್ನು ಆಕ್ರಮಣಕಾರರ ಕತ್ತಿಗೆ ಬಲಿಯಾದವರೆಂದು ಬಗೆದರು. ಋಗ್ವೇದದಲ್ಲಿ ಕೋಟೆಗಳನ್ನು ಒಡೆಯುವ ಇಂದ್ರನ ವರ್ಣನೆಗೆ ಅದನ್ನು ಜೋಡಿಸಿ, ನಗರದ ನಾಶದ ಆರೋಪವನ್ನು ಆರ್ಯರ ಮೇಲೆ ಹೊರಿಸಿದರು. ಈ ಚಿತ್ರ ಪಠ್ಯಪುಸ್ತಕಗಳಿಗೆ, ವೇದಿಕೆಗಳಿಗೆ, ರಾಜಕೀಯ ಜಗಳಗಳಿಗೆ ಹರಿಯಿತು.

1964ರಲ್ಲಿ ಜಾರ್ಜ್ ಡೇಲ್ಸ್ ಹಳೆಯ ಉತ್ಖನನ ವರದಿಗಳನ್ನು ಮತ್ತೆ ಓದಿ ಕೆಲವು ಸರಳ ಪ್ರಶ್ನೆಗಳನ್ನು ಕೇಳಿದರು. ಈ ಅಸ್ಥಿಪಂಜರಗಳು ಒಂದೇ ಪದರದವೇ? ಅಲ್ಲ. ಹೋರಾಟ ನಡೆಯಬೇಕಿದ್ದ ಕೋಟೆಯ ಭಾಗದಲ್ಲಿ ಹೆಣಗಳು ಸಿಕ್ಕಿವೆಯೇ? ಇಲ್ಲ. ಮುಂದೆ ಎಲುಬುಗಳನ್ನು ಪರೀಕ್ಷಿಸಿದವರಿಗೆ ಆಯುಧದ ಏಟಿನ ಗುರುತು ಒಂದೆರಡರಲ್ಲಷ್ಟೇ ಕಂಡಿತು. ಅಲ್ಲಿ ಸತ್ತವರಿದ್ದದ್ದು ನಿಜ. ಹತ್ಯಾಕಾಂಡ ಮಾತ್ರ ಸಾಬೀತಾಗಲಿಲ್ಲ. ಇದರಿಂದ ಪ್ರಾಚೀನ ಕಾಲದಲ್ಲಿ ಜನರ ವಲಸೆಯೇ ನಡೆಯಲಿಲ್ಲ ಎಂದು ಹೇಳಹೊರಟರೆ ಅದೂ ಅಷ್ಟೇ ದೊಡ್ಡ ಅವಸರ. ಒಂದು ವಾದ ಬಿದ್ದ ಮಾತ್ರಕ್ಕೆ ಅದರ ಎದುರಿನ ವಾದ ಗೆದ್ದಂತಲ್ಲ.

ಬರಹ ಸಿಕ್ಕಿದ ಕಡೆ ಈ ತೊಡಕು ತಪ್ಪುತ್ತದೆ ಎನ್ನಬಹುದು. ಸ್ವಲ್ಪ ಮಟ್ಟಿಗೆ ನಿಜ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಬಂಡೆಬರಹದಲ್ಲಿ ಅಶೋಕ ಎಂಬ ಹೆಸರೇ ಇತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬ ವಿದ್ವಾಂಸರ ನಿರ್ಣಯಕ್ಕೆ ಕಲ್ಲೇ ಸಾಕ್ಷಿ ನುಡಿಯಿತು. ಆದರೆ ಬ್ರಹ್ಮಗಿರಿಯ ಶಾಸನ ನೋಡಿ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಆತ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆತನಿಗೆ ಖರೋಷ್ಠಿ ಗೊತ್ತಿತ್ತು ಎಂಬುದಕ್ಕೆ ಇದು ಪುರಾವೆ. ಆತ ಗಾಂಧಾರದಿಂದ ಬಂದವನು ಎಂಬುದಕ್ಕಲ್ಲ. ಬಂದಿರಬಹುದು, ಅಲ್ಲಿಂದ ಬಂದವರ ಬಳಿ ಕಲಿತಿರಲೂಬಹುದು. ಧರ್ಮದಿಂದ ನಡೆಯಿರಿ ಎಂದು ಅರಸ ಬರೆಸಿದ ಎಂಬುದಕ್ಕೂ ಶಾಸನ ಸಾಕ್ಷಿ. ಜನ ಹಾಗೆ ನಡೆದರೇ ಎಂಬುದಕ್ಕಲ್ಲ.

ಇನ್ನು ಬೂದಿದಿಬ್ಬಗಳ ಜನ ಯಾವ ಭಾಷೆ ಆಡುತ್ತಿದ್ದರು? ಕನ್ನಡಿಗರ ಪೂರ್ವಜರು ಅವರೇ ಎಂದುಬಿಡುವ ಆಸೆ ಯಾರಿಗಾದರೂ ಆದೀತು. ಮೂಲ ದ್ರಾವಿಡ ಭಾಷೆಯಲ್ಲಿ ಇದ್ದಿರಬಹುದೆಂದು ಭಾಷಾವಿಜ್ಞಾನಿಗಳು ಗುರುತಿಸಿರುವ ಬೆಳೆಗಳ ಹೆಸರುಗಳಿಗೂ ಆ ನೆಲೆಗಳಲ್ಲಿ ಸಿಕ್ಕ ಕಾಳುಗಳಿಗೂ ಹೊಂದಿಕೆ ಇದೆ ಎಂಬ ವಾದವೂ ಉಂಟು. ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಮಡಕೆ ಚೂರಿಗೆ ಮಾತು ಬಾರದು. ಬರಹ ಬಿಟ್ಟುಹೋಗದ ಜನರ ಭಾಷೆಯನ್ನು ಮಣ್ಣಿನಿಂದಷ್ಟೇ ಸಾಬೀತು ಮಾಡಲಾಗದು.

ಹಾಗಿದ್ದರೆ ಅಗೆಯುವುದೇಕೆ?

ಇಷ್ಟೆಲ್ಲ ಮಿತಿಗಳಿರುವಾಗ ಬಿಸಿಲಿನಲ್ಲಿ ಕುಳಿತು ಕುಂಚದಿಂದ ಮಣ್ಣು ಗುಡಿಸುವುದೇಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಉತ್ತರ ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿದೆ. ಅಲ್ಲಿ ಕಪ್ಪುಶಿಲೆಯ ಕೊಡಲಿಗಳನ್ನು ರಾಶಿ ರಾಶಿಯಾಗಿ ತಯಾರಿಸುತ್ತಿದ್ದ ಕಾರ್ಯಾಗಾರದ ಚಕ್ಕೆಗಳು ಬಿದ್ದಿವೆ. ಬಂಡೆಗಳಲ್ಲಿ ಕಾಳು ಅರೆದು ಅರೆದು ಸವೆದ ಕುಳಿಗಳಿವೆ. ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿದಾಗ ತೇಲಿಬಂದ ಕರಕಲು ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಇಂದಿಗೂ ಈ ನಾಡಿನ ಅಡುಗೆಮನೆಗಳಲ್ಲಿ ಬೇಯುವ ಹುರುಳಿಗೆ ನಾಲ್ಕು ಸಾವಿರ ವರ್ಷಗಳ ಮನೆತನವಿದೆ ಎಂಬುದು ಯಾವ ತಾಮ್ರಪಟದಲ್ಲೂ ಬರೆದಿರಲಿಲ್ಲ. ಅಲ್ಲಿನ ಕೆಲವು ಬಂಡೆಗಳನ್ನು ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ಬಡಿದು ಬಡಿದು ಆದ ಗುಳಿಗಳೂ ಇವೆ. ಯಾವ ಹಾಡಿಗೆ ಬಡಿದರೋ ತಿಳಿಯದು. ಬಡಿದದ್ದು ಮಾತ್ರ ನಿಜ.

ಕರ್ನಾಟಕದಲ್ಲಿ ಓದಲು ಬರುವ ಬರಹ ಆರಂಭವಾಗುವುದು ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಿಂದ. ಅದಕ್ಕೆ ಮೊದಲಿನ ಸಾವಿರಾರು ವರ್ಷಗಳ ಬದುಕು ಬರಹವಿಲ್ಲದ ಬದುಕು. ಬರಹ ಬಂದ ಮೇಲೂ ಶಾಸನಗಳಲ್ಲಿ ಹೆಸರು ಪಡೆದವರು ಅರಸರು, ದಾನ ಕೊಟ್ಟವರು, ದಾನ ಪಡೆದವರು, ಹೋರಾಡಿ ಸತ್ತ ವೀರರು. ದನ ಕಾದವರು, ಕಾಳು ಅರೆದವರು, ಕಲ್ಲು ಕೆತ್ತಿದವರು ಇತಿಹಾಸದೊಳಗೆ ಬರಲು ಇರುವ ಬಾಗಿಲು ಹೆಚ್ಚಾಗಿ ಇದೊಂದೇ. ಪುರಾತತ್ವದ ಉದ್ದೇಶ ಏನೆಂದು ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಇದು. ಯಾವ ಜಾತಿ, ಮತ, ಭಾಷೆಯವರು ಈ ನೆಲಕ್ಕೆ ಮೊದಲು ಬಂದರು ಎಂದು ತೀರ್ಪು ಕೊಡುವ ನ್ಯಾಯಾಲಯವಾಗಿ ಅದನ್ನು ಬಳಸಹೊರಟರೆ ಅದರ ಕೈಯಲ್ಲಿ ಆಗದ ಕೆಲಸವನ್ನು ಅದಕ್ಕೆ ಹೊರಿಸಿದಂತೆ.

ಒಮ್ಮೆ ಮಾತ್ರ ತೆರೆಯುವ ಪುಸ್ತಕ

ಕೊನೆಯದಾಗಿ ಒಂದು ಮಾತು. ಪುಸ್ತಕವನ್ನು ಹತ್ತು ಸಲ ಓದಬಹುದು. ನೆಲವನ್ನು ಒಂದೇ ಸಲ. ಅಗೆದ ಪದರ ಮತ್ತೆ ಕೂಡುವುದಿಲ್ಲ. ಆದ್ದರಿಂದಲೇ ಒಳ್ಳೆಯ ಉತ್ಖನನದಲ್ಲಿ ನೆಲೆಯ ಒಂದು ಭಾಗವನ್ನು ಮುಟ್ಟದೆ ಬಿಡುತ್ತಾರೆ, ಬರೆದಿಟ್ಟುಕೊಳ್ಳದೆ ಹಿಡಿ ಮಣ್ಣನ್ನೂ ಎತ್ತುವುದಿಲ್ಲ. ಫೂಟ್ ಅವರಿಗೆ ಇಂಗಾಲ-14 ಗೊತ್ತಿರಲಿಲ್ಲ. ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗಲೂ ಅದು ಬಳಕೆಗೆ ಬಂದಿರಲಿಲ್ಲ. ಮುಂದಿನವರ ಕೈಗೆ ಯಾವ ಹೊಸ ಸಾಧನ ಬರುತ್ತದೋ ಯಾರು ಬಲ್ಲರು? ಆ ಬೆಂಕಿಯ ಉದ್ದೇಶ ಏನು ಎಂಬ ಪ್ರಶ್ನೆಗೂ ಅಂದು ಉತ್ತರ ಸಿಕ್ಕೀತು, ದಿಬ್ಬ ಉಳಿದಿದ್ದರೆ.

ಉಳಿಯುತ್ತದೆಯೇ ಎಂಬುದೇ ಚಿಂತೆ. ನೂರಕ್ಕೂ ಹೆಚ್ಚು ಬೂದಿದಿಬ್ಬಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಹಲವನ್ನು ಹೊಲಕ್ಕೆ ಗೊಬ್ಬರವೆಂದು ಗಾಡಿಗಟ್ಟಲೆ ಹೊತ್ತೊಯ್ದಿದ್ದಾರೆ. ಗುಡ್ಡಗಳನ್ನು ಕಲ್ಲಿನ ಕ್ವಾರಿಗಳು ಕರಗಿಸಿವೆ. ರೈತನನ್ನು ದೂರಿ ಪ್ರಯೋಜನವಿಲ್ಲ. ತನ್ನ ಹೊಲದ ಅಂಚಿನ ಬೂದಿ ಏನೆಂದು ಅವನಿಗೆ ಹೇಳಿದವರು ಯಾರು? ಆ ಕೆಲಸ ಊರೂರಿನ ಶಾಲೆಗಳಿಂದಲೇ ಆರಂಭವಾಗಬೇಕು, ಈ ಸಭೆಯಲ್ಲಿ ಕುಳಿತಿರುವ ಅಧ್ಯಾಪಕರಿಂದ.

ಮುಂದೊಂದು ದಿನ ಎಲ್ಲೋ ಏನೋ ಸಿಕ್ಕಿತು, ಅದರಿಂದ ಇಂಥದ್ದು ಸಾಬೀತಾಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬಂದಾಗ ವಿದ್ಯಾರ್ಥಿಗಳು ಸ್ವಲ್ಪ ತಡೆದು ಕೇಳಲಿ. ಯಾವ ಪದರದಲ್ಲಿ ಸಿಕ್ಕಿತು? ಜೊತೆಗೆ ಏನಿತ್ತು? ಕಾಲವನ್ನು ಹೇಗೆ ಅಳೆದರು? ಕಂಡದ್ದೆಷ್ಟು, ಊಹಿಸಿದ್ದೆಷ್ಟು? ಸುದ್ದಿ ಬರೆಯುವವರೂ ಈ ಪ್ರಶ್ನೆಗಳನ್ನು ಕೇಳಿಯೇ ಬರೆಯಬೇಕು. ನಿಂಬಾಪುರದವರು ವಾಲಿಯ ಕಥೆ ಹೇಳುತ್ತಲೇ ಇರಲಿ, ಆ ಕಥೆಯೇ ದಿಬ್ಬವನ್ನು ಇಷ್ಟು ಕಾಲ ಕಾಪಾಡಿರಲೂಬಹುದು. ಅದರ ಪಕ್ಕದಲ್ಲಿ ಕೊಡಲಿ ಹಿಡಿದು ದನ ಕಾದವರ ಕಥೆಗೂ ಸ್ವಲ್ಪ ಜಾಗವಿರಲಿ.